ಕೋಟೆಯೊಳಗೆ ಒಂದು ರಾತ್ರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳು ಫ್ರಾಂಕ್‌ಫರ್ಟಲ್ಲಿ ಕೆಲಸಕ್ಕಿದಾಳೆ, ಜೂನಲ್ಲಿ ನಾವಿಬ್ರೂ ಹೋಗ್ತಾ ಇದೀವಿ. ಅಲ್ಲಿನ ಹಳೇ ಕೋಟೆಯೊಳಗೆ ಒಂದ್ ರಾತ್ರಿಯಾದ್ರೂ ಮಲಗ್ಬೇಕು ಅಂತ ನಮ್ಮನೆಯವಳಿಗೆ ಬಹಳ ವರ್ಷದ ಆಸೆ. ಆದ್ರೆ ದೊಡ್ಡ ಹೋಟ್ಲು ದುಡ್ಡು ನಮ್ ಕೈಲಾಗಲ್ಲ, ಸಸ್ಯಾಹಾರಿಗಳು ಬೇರೆ. (ನಿವೃತ್ತ ಮೇಷ್ಟ್ರು, ಹಾಸನ)

ಉತ್ತರ: ಆಗುತ್ತೆ ಮೇಷ್ಟ್ರೇ, ಖಂಡಿತ ಆಗುತ್ತೆ. ಜರ್ಮನಿಲಿ ಕೆಲವು ಕೋಟೆಗಳೊಳಗೆ ಯೂತ್ ಹಾಸ್ಟೆಲ್ ಇದೆ, ಹೆಸರಲ್ಲಿ ಯೂತ್ ಅಂತಿದ್ರೂ ಫ್ಯಾಮಿಲಿಗಳು, ವಯಸ್ಸಾದೋರು ಎಲ್ಲಾ ಬಂದು ಉಳ್ಕೋತಾರೆ. ಇದು ಇವತ್ತು ನಿನ್ನೆದಲ್ಲ, ರಿಷರ್ಡ್ ಶಿರ್‌ಮಾನ್ ಅನ್ನೋ ಸ್ಕೂಲ್ ಮೇಷ್ಟ್ರು 1909ರಲ್ಲಿ ಮಕ್ಕಳನ್ನ ಕಾಲ್ನಡಿಗೆ ಪ್ರವಾಸ ಕರ್ಕೊಂಡು ಹೋದಾಗ ಬಿರುಗಾಳಿ ಮಳೆಗೆ ಸಿಕ್ಕಾಕೊಂಡ್ರಂತೆ, ಇಂಥಾ ಮಕ್ಕಳಿಗೆ ತಂಗೋಕೆ ಕಡಿಮೆ ಖರ್ಚಿನ ಜಾಗ ಬೇಕು ಅನ್ನೋ ಯೋಚನೆ ಅಲ್ಲೇ ಹುಟ್ಟಿದ್ದು, ಜಗತ್ತಿನ ಮೊದಲ ಕಾಯಂ ಯೂತ್ ಹಾಸ್ಟೆಲ್ ಶುರುವಾಗಿದ್ದೂ ಆಲ್ಟೆನಾ ಅನ್ನೋ ಊರಿನ ಕೋಟೆಯೊಳಗೇ. ಆಗಿನ ಮರದ ಮಂಚಗಳನ್ನ ಈಗಲೂ ಮ್ಯೂಸಿಯಂ ಮಾಡಿ ಇಟ್ಟಿದಾರೆ.

ನಿಮಗೆ ನಾನು ಹೇಳೋದು ರೈನ್ ನದಿ ದಡದ ಬಾಖರಾಖ್ ಊರು, ಅದರ ಮೇಲಿನ ಶ್ಟಾಲೆಕ್ ಕೋಟೆ. ಫ್ರಾಂಕ್‌ಫರ್ಟಿಂದ ಮೈಂಟ್ಸ್ ಅನ್ನೋ ಊರಿನ ಮೂಲಕ ರೈಲಲ್ಲಿ ಹೋಗ್ಬಹುದು. ಊರಿಂದ ಮೇಲಕ್ಕೆ ಕಡಿದಾದ ಮೆಟ್ಟಿಲು, ನಡುವೆ ಛಾವಣಿ ಇಲ್ಲದ ಒಂದು ಗಾಥಿಕ್ ಶೈಲಿಯ ಚಾಪೆಲ್, ಅಂದ್ರೆ ಸಣ್ಣ ಚರ್ಚು, ಸಿಗುತ್ತೆ, ಅದರ ಕಿಟಕಿ ಕಮಾನುಗಳಲ್ಲಿ ಬರೀ ಆಕಾಶ. ನಾನು ದೊಡ್ಡ ಸೂಟ್‌ಕೇಸ್ ಎತ್ಕೊಂಡು ಆ ಮೆಟ್ಟಿಲು ಹತ್ತಿ ಎರಡು ದಿನ ಸೊಂಟ ಹಿಡ್ಕೊಂಡಿದ್ದೆ, ನೀವು ಒಂದ್ ರಾತ್ರಿಗೆ ಬೇಕಾದಷ್ಟೇ ಬ್ಯಾಗಲ್ಲಿ ಹಾಕ್ಕೊಳ್ಳಿ, ಮಂಡಿ ನೋವಿದ್ರೆ ಟ್ಯಾಕ್ಸಿ ಮಾಡಿ, ಗಾಡಿ ಹೋಗೋ ರಸ್ತೆ ಇದೆ.

ಊಟದ ಚಿಂತೆ ಬೇಡ. ಬೆಳಗಿನ ತಿಂಡಿಗೆ ಬ್ರೆಡ್ಡು, ಚೀಸು, ಜಾಮು, ಹಣ್ಣು ಇರುತ್ತೆ. ರಾತ್ರಿ ಊಟ ಅಲ್ಲೇ ಮಾಡೋದಾದ್ರೆ ಸಸ್ಯಾಹಾರ ಅಂತ ಬುಕ್ ಮಾಡೋವಾಗ್ಲೇ ಹೇಳ್ಬಿಡಿ, ಚಟ್ನಿಪುಡಿ ಡಬ್ಬಿ ಹೇಗೂ ನಿಮ್ ಜೊತೆ ಇರುತ್ತಲ್ಲ. ಹಾಸ್ಟೆಲ್ ಸಂಘದ ಮೆಂಬರ್‌ಶಿಪ್ ಕೇಳ್ತಾರೆ, ಮಗಳ ಕೈಲಿ ಮೊದಲೇ ಮಾಡಿಸ್ಕೊಳ್ಳಿ. ಆಮೇಲೆ ದಯವಿಟ್ಟು ಸಂಜೆ ಮುಂಚೆ ಮೇಲಕ್ಕೆ ತಲುಪಿ. ಹಗಲಲ್ಲಿ ಬಂದೋರೆಲ್ಲ ಇಳಿದು ಹೋದ್ಮೇಲೆ ಅಂಗಳದ ಗೋಡೆ ಪಕ್ಕ ಸುಮ್ನೆ ಕೂತ್ಕೊಳ್ಳಿ, ಜೂನಲ್ಲಿ ಸೂರ್ಯ ಮುಳುಗೋದೇ ಒಂಬತ್ತೂವರೆ ಮೇಲೆ, ಕೆಳಗೆ ಸರಕು ದೋಣಿಗಳು ದೀಪ ಹಚ್ಕೊಂಡು ನಿಧಾನಕ್ಕೆ ಹೋಗ್ತಾ ಇರುತ್ವೆ, ಎರಡೂ ದಡದಲ್ಲಿ ರೈಲು ಓಡೋ ಸದ್ದು ರಾತ್ರಿಯೆಲ್ಲಾ ಮೇಲಕ್ಕೆ ಕೇಳುತ್ತೆ. ಟಿಕೆಟ್ ತಗೊಂಡು ಒಂದು ಗಂಟೇಲಿ ನೋಡಿ ಬರೋರಿಗೆ ಇದು ಸಿಗಲ್ಲ.

ಪ್ರಶ್ನೆ: ಶ್ಟಾಲೆಕ್ ಅಸಲಿ ಕೋಟೆ ಅಲ್ಲ, ಹೊಸದಾಗಿ ಕಟ್ಟಿದ್ದು ಅಂತ ಸ್ನೇಹಿತ್ರು ಹೇಳ್ತಾರೆ, ಹೌದಾ? (ಓದುಗರು, ಧಾರವಾಡ)

ಉತ್ತರ: ಅರ್ಧ ನಿಜ. ಕೋಟೆ 12ನೇ ಶತಮಾನದ್ದು. 1689ರಲ್ಲಿ ಫ್ರಾನ್ಸಿನ 14ನೇ ಲೂಯಿಯ ಸೈನ್ಯ ಅದನ್ನ ಸಿಡಿಸಿ ಹಾಕ್ತು, ಇನ್ನೂರು ವರ್ಷಕ್ಕೂ ಮೇಲೆ ಹಾಳುಬಿದ್ದಿತ್ತು, 20ನೇ ಶತಮಾನದಲ್ಲಿ ಹಳೇ ಪಾಯದ ಮೇಲೆ ಹಾಸ್ಟೆಲ್ಲಿಗೆ ಅಂತಲೇ ಮತ್ತೆ ಎಬ್ಬಿಸಿದ್ರು. ನಾಜಿಗಳ ಕಾಲದಲ್ಲಿ ಅವರನ್ನ ವಿರೋಧಿಸಿದ ಲಕ್ಸೆಂಬರ್ಗಿನ ಹುಡುಗರನ್ನ 'ತಿದ್ದೋಕೆ' ಅಂತ ತಂದು ಇಟ್ಟಿದ್ದೂ ಇಲ್ಲೇ, ಮಲಗೋ ಮುಂಚೆ ಇದೂ ಗೊತ್ತಿರಲಿ ಅಂತ ಹೇಳ್ತಿದೀನಿ. ನನ್ನ ಮಟ್ಟಿಗೆ ಒಡೆದಿದ್ದು, ಕಟ್ಟಿದ್ದು, ಕೆಟ್ಟದಕ್ಕೆ ಬಳಸಿದ್ದು ಎಲ್ಲಾ ಸೇರೇ ಒಂದು ಕೋಟೆ, ಅದಕ್ಕೇ ನಕಲಿ ಅನ್ನೋಕೆ ಮನಸ್ಸು ಬರಲ್ಲ. ಯಾರೂ ಉರುಳಿಸದೇ ಉಳಿದಿರೋದು ನೋಡ್ಬೇಕು ಅಂದ್ರೆ ಅದೇ ನದಿ ದಡದ ಬ್ರೌಬಾಖ್ ಊರಿನ ಮಾರ್ಕ್ಸ್‌ಬುರ್ಗ್ ಕೋಟೆಗೆ ಹಗಲು ಹೋಗ್ಬನ್ನಿ. ದಾರೀಲಿ ಕೌಬ್ ಹತ್ರ ನದಿ ನಡುವೆಯೇ ಹಡಗಿನ ಥರ ನಿಂತಿರೋ ಕೋಟೆ ಕಾಣುತ್ತೆ, ದೋಣಿಗಳಿಂದ ಸುಂಕ ವಸೂಲಿ ಮಾಡ್ತಿದ್ದ ಜಾಗ ಅದು, ಈ ಕಣಿವೆಲಿ ಇಷ್ಟೊಂದು ಕೋಟೆ ಎದ್ದಿದ್ದಕ್ಕೆ ಆ ಸುಂಕದ ದುಡ್ಡೂ ಒಂದು ಕಾರಣ.

ಪ್ರಶ್ನೆ: ಜರ್ಮನಿಯ ನಾಯ್‌ಶ್ವಾನ್‌ಸ್ಟೈನ್ ಕೋಟೆ ಒಳಗೆ ರೂಮ್ ಸಿಗುತ್ತಾ? (ಕಾಲೇಜು ವಿದ್ಯಾರ್ಥಿನಿ, ತುಮಕೂರು)

ಉತ್ತರ: ಇಲ್ಲಮ್ಮ. ಅದು ಬರೀ ಮ್ಯೂಸಿಯಂ. ಅದು ಯುದ್ಧಕ್ಕೆ ಕಟ್ಟಿದ ಕೋಟೆನೂ ಅಲ್ಲ, ಬವೇರಿಯಾದ ಎರಡನೇ ಲುಡ್ವಿಗ್ ರಾಜ 1869ರಲ್ಲಿ ಶುರು ಮಾಡಿಸಿದ ಅರಮನೆ, 1886ರಲ್ಲಿ ಅವನು ಸತ್ತ ಕೆಲವೇ ವಾರಕ್ಕೆ ಜನಕ್ಕೆ ತೆರೆದುಬಿಟ್ರು. ಉಳ್ಕೊಳ್ಳೋ ಆಸೆ ಇದ್ರೆ ಅದೇ ರಾಜ್ಯದ ನ್ಯೂರೆಂಬರ್ಗಿಗೆ ಹೋಗು, ಅಲ್ಲಿನ ಕೋಟೆ ಗುಡ್ಡದ ಮೇಲೆ 1490ರ ದಶಕದಲ್ಲಿ ಧಾನ್ಯ ತುಂಬಿಡೋಕೆ ಕಟ್ಟಿದ ದೊಡ್ಡ ಕಣಜ ಈಗ ಯೂತ್ ಹಾಸ್ಟೆಲ್.

ಪ್ರಶ್ನೆ: ಸ್ಟುಟ್‌ಗಾರ್ಟಲ್ಲಿ ಮೂರು ತಿಂಗಳು ಇರ್ತೀನಿ, ಹತ್ರ ಯಾವ್ದಾದ್ರೂ ಕೋಟೆ? (ಇಂಜಿನಿಯರ್, ಬೆಂಗಳೂರು)

ಉತ್ತರ: ಟ್ಯೂಬಿಂಗೆನ್. ಊರ ಮೇಲಿನ ಕೋಟೆ ಯೂನಿವರ್ಸಿಟಿ ಕೈಲಿದೆ, ಉಳ್ಕೊಳ್ಳೋಕೆ ಆಗಲ್ಲ, ಆದ್ರೆ ಅದರ ಹಳೇ ಅಡುಗೆಮನೇಲಿ ಲ್ಯಾಬ್ ಇತ್ತು, ನಾವೀಗ ಡಿಎನ್‌ಎ ಅನ್ನೋ ವಸ್ತುವನ್ನ 1869ರಲ್ಲಿ ಫ್ರೆಡ್ರಿಕ್ ಮೀಷರ್ ಅನ್ನೋ ವಿಜ್ಞಾನಿ ಮೊದಲ ಸಲ ಬೇರ್ಪಡಿಸಿದ್ದು ಅಲ್ಲೇ. ಕನ್ನಡದೋರು ಹೋಗೋಕೆ ಇನ್ನೊಂದು ಕಾರಣ ಇದೆ, 1894ರ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಕೊನೇ ದಿನಗಳನ್ನ ಕಳೆದು 1903ರಲ್ಲಿ ತೀರ್ಕೊಂಡಿದ್ದು ಅದೇ ಊರಲ್ಲಿ. ಕೋಟೆ ನೋಡಿ ಇಳಿಯೋವಾಗ ಅವರನ್ನೂ ಒಂದ್ ಸಲ ನೆನೆಸ್ಕೊಂಡು ಬನ್ನಿ.