ಪ್ರಾಥಮಿಕ ಶಾಲೆಯಲ್ಲಿ ಸಂಗೀತ ಕಲಿಸಬೇಕು ಅಂದ್ರೆ ಡಿ.ಎಲ್.ಎಡ್. ಮಾಡಬೇಕಾ, ಸಂಗೀತದ ಪದವಿ ಮಾಡಬೇಕಾ?

ನೀವು ಕೇಳಿರೋದು ಇಷ್ಟು: ತಂಗಿ ಚಳ್ಳಕೆರೆಯಲ್ಲಿ ಪಿಯುಸಿ ಮುಗಿಸಿದ್ದಾಳೆ, ಜೂನಿಯರ್ ಸಂಗೀತ ಪರೀಕ್ಷೆ ಪಾಸಾಗಿದೆ, ಸಣ್ಣ ಮಕ್ಕಳಿಗೆ ಹಾಡು ಹೇಳಿಕೊಡೋ ಟೀಚರ್ ಆಗಬೇಕು ಅಂತ ಆಸೆ. ಅಮೆರಿಕದಲ್ಲಿ ಇದಕ್ಕೇ ಅಂತ ಬೇರೆ ಕೋರ್ಸ್ ಇದೆಯಂತೆ, ನಮ್ಮ ಕಡೆ ಏನಿದೆ? ಕಾಲೇಜಿನಲ್ಲಿ ಏನು ಕಲಿಸುತ್ತಾರೆ? ಮನೆಗೆ ಕೀಬೋರ್ಡ್ ತಂದರೆ ಆಗುತ್ತಾ?

ನಾನು ದಾವಣಗೆರೆಯ ಒಂದು ಅನುದಾನಿತ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಡಿ.ಎಲ್.ಎಡ್. (ಪ್ರಾಥಮಿಕ ಶಾಲಾ ಶಿಕ್ಷಕರಾಗಲು ಮಾಡುವ ಡಿಪ್ಲೊಮಾ) ಓದುವವರು ನಮ್ಮಲ್ಲಿಗೆ ಇಂಟರ್ನ್‌ಶಿಪ್‌ಗೆ ಬರುತ್ತಾರೆ, ಅವರ ಪಾಠಕ್ಕೆ ಹಿಂದಿನ ಬೆಂಚಿನಲ್ಲಿ ಕೂತು ಕೇಳೋದು ನನ್ನ ಕೆಲಸದ ಒಂದು ಭಾಗ. ಸಂಗೀತದಲ್ಲಿ ಪದವಿ ಮಾಡಿ ಬಂದವರನ್ನೂ ನೋಡಿದ್ದೇನೆ. ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಪ್ರಾಥಮಿಕ ಶಾಲೆಗೆ ಅಂತಲೇ ಸಂಗೀತ ಶಿಕ್ಷಕರನ್ನು ತಯಾರು ಮಾಡುವ ಒಂದೇ ಕೋರ್ಸ್ ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಇಲ್ಲ. ಎರಡು ದಾರಿ ಇವೆ, ಎರಡೂ ಅರ್ಧರ್ಧ. ಉಳಿದದ್ದನ್ನು ತಂಗಿ ತಾನೇ ಜೋಡಿಸಿಕೊಳ್ಳಬೇಕು.

ಮೊದಲು ಕೆಲಸದ ಮಾತು, ಮನೆಯಲ್ಲಿ ಕೇಳೋದೇ ಅದನ್ನ ಅಲ್ವಾ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರೇ ಟೀಚರ್ ಕನ್ನಡ, ಲೆಕ್ಕ, ಪರಿಸರ ಎಲ್ಲ ಹೇಳುತ್ತಾರೆ. ಹಾಡೂ ಅವರದ್ದೇ. ಆ ಹುದ್ದೆಗೆ ಡಿ.ಎಲ್.ಎಡ್. ಬೇಕು, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಕಲೆಗೆ ಅಂತ ಅರೆಕಾಲಿಕ ಬೋಧಕರ ಮಾತಿದೆ. ಆದರೆ ಅದು ಆರರಿಂದ ಎಂಟನೇ ತರಗತಿಗೆ, ಅದೂ ನೂರಕ್ಕಿಂತ ಜಾಸ್ತಿ ಮಕ್ಕಳಿರುವ ಶಾಲೆಗೆ. ಒಂದರಿಂದ ಐದಕ್ಕೆ ಸಂಗೀತದ ಟೀಚರ್ ಅಂತಲೇ ಹುದ್ದೆ ಇರುವುದು ಕೇಂದ್ರೀಯ ವಿದ್ಯಾಲಯಗಳಲ್ಲಿ. ಅಲ್ಲಿ ಪ್ರಾಥಮಿಕ ಸಂಗೀತ ಶಿಕ್ಷಕರಿಗೆ ಪಿಯುಸಿಯಲ್ಲಿ ಶೇ. 50 ಅಂಕ ಮತ್ತು ಸಂಗೀತದಲ್ಲಿ ಪದವಿ ಕೇಳುತ್ತಾ ಬಂದಿದ್ದಾರೆ. ಮೂಲ ವೇತನ 35,400 ರೂಪಾಯಿಯಿಂದ ಶುರು. ಹಿಂದಿ, ಇಂಗ್ಲಿಷ್‌ನಲ್ಲಿ ಪಾಠ ಮಾಡಲು ಬರಬೇಕು, ಭಾರತದಲ್ಲಿ ಎಲ್ಲಿಗೆ ಹಾಕಿದರೂ ಹೋಗಬೇಕು. ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿ, ಹಿರಿಯೂರು ತಾಲ್ಲೂಕಿನ ಉಡುವಳ್ಳಿ ನವೋದಯಗಳಲ್ಲೂ ಸಂಗೀತ ಇದೆ. ಆದರೆ ನವೋದಯ ಶುರುವಾಗೋದೇ ಆರನೇ ತರಗತಿಯಿಂದ, ಸಣ್ಣ ಮಕ್ಕಳು ಅಲ್ಲಿ ಸಿಗಲ್ಲ. ಖಾಸಗಿ ಶಾಲೆಗಳದ್ದು ಅವರವರ ಲೆಕ್ಕ. ಎಷ್ಟೋ ಕಡೆ ವಾರ್ಷಿಕೋತ್ಸವಕ್ಕೆ ಎರಡು ತಿಂಗಳಿದೆ ಅನ್ನುವಾಗ ಸಂಗೀತದ ಟೀಚರ್ ನೆನಪಾಗುತ್ತಾರೆ.

ಇನ್ನು ಓದು. ಡಿ.ಎಲ್.ಎಡ್. ಎರಡು ವರ್ಷ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇದೆ. ಮಕ್ಕಳ ಬೆಳವಣಿಗೆ, ಮನಶ್ಶಾಸ್ತ್ರ, ಒಂದೊಂದು ವಿಷಯವನ್ನು ಕಲಿಸುವ ವಿಧಾನ, ಪಾಠ ಯೋಜನೆ, ಕಲಿಕೋಪಕರಣ, ಆಮೇಲೆ ಶಾಲೆಗೆ ಹೋಗಿ ಪಾಠ ಮಾಡೋದು. ಕಲಾ ಶಿಕ್ಷಣ ಅಂತ ಒಂದು ಭಾಗ ಇದೆ. ಚಿತ್ರ, ನಾಟಕ, ಹಾಡು, ಕರಕುಶಲ ಎಲ್ಲ ಅದರೊಳಗೇ. ಅಲ್ಲಿ ಸಂಗೀತ ಅಂದರೆ ಅಭಿನಯ ಗೀತೆ, ದೇಶಭಕ್ತಿ ಗೀತೆ. ಶ್ರುತಿ ಪೆಟ್ಟಿಗೆ ಮುಟ್ಟದೆ ಡಿ.ಎಲ್.ಎಡ್. ಮುಗಿಸಿದವರು ಬೇಕಾದಷ್ಟು ಜನ ಇದ್ದಾರೆ. ಹಾಗಂತ ಇದನ್ನು ಕಡೆಗಣಿಸಬೇಡಿ. ನಲವತ್ತು ಮಕ್ಕಳ ಮುಂದೆ ಹೇಗೆ ನಿಲ್ಲಬೇಕು, ಗಲಾಟೆಯಾದರೆ ದನಿ ಏರಿಸದೆ ಹೇಗೆ ಸಂಭಾಳಿಸಬೇಕು ಅನ್ನೋದು ಅಲ್ಲಿ ಮಾತ್ರ ಸಿಗುತ್ತದೆ.

ಸಂಗೀತದ ಪದವಿಗೆ ಧಾರವಾಡಕ್ಕೋ ಮೈಸೂರಿಗೋ ಹೋಗಬೇಕು. ರಾಗ, ತಾಳ, ಸಂಗೀತ ಶಾಸ್ತ್ರ, ಇತಿಹಾಸ, ಕಛೇರಿ. ನಮ್ಮ ಊರು ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿ ಸೇರುವ ಜಾಗ. ಒಂದು ಬೀದಿಯಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಅಂತ ಕರ್ನಾಟಕ ಸಂಗೀತದ ಪರೀಕ್ಷೆ ಕಟ್ಟುತ್ತಾರೆ, ಪಕ್ಕದ ಬೀದಿಯಲ್ಲಿ ಗಾಂಧರ್ವ ಮಹಾವಿದ್ಯಾಲಯ ಮಂಡಳಿಯ ಪ್ರವೇಶಿಕಾ, ಮಧ್ಯಮಾ, ವಿಶಾರದ ಅಂತ ಹೋಗುತ್ತಾರೆ. ಯಾವುದಾದರೂ ಸರಿ, ಕಲಿಸೋದು ತಾನು ಹಾಡುವುದನ್ನ. ಆರು ವರ್ಷದ ನಲವತ್ತು ಮಕ್ಕಳಿಂದ ಹಾಡಿಸುವುದು ಹೇಗೆ ಅನ್ನೋದಕ್ಕೆ ಅಲ್ಲಿ ಹೆಚ್ಚು ಜಾಗ ಇಲ್ಲ. ಅದು ಬೇರೆಯೇ ವಿದ್ಯೆ.

ನೀವು ಓದಿದ ಅಮೆರಿಕದ ಪದವಿಯಲ್ಲಿ ಈ ಎರಡೂ ಒಂದೇ ಕಡೆ ಇರುತ್ತವೆ. ಶಾಸ್ತ್ರ, ಕಿವಿ ತರಬೇತಿ, ಪಿಯಾನೋ, ಗುಂಪಿಗೆ ಮುಂದೆ ನಿಂತು ಹಾಡಿಸೋದು, ಸಣ್ಣ ಮಕ್ಕಳಿಗೆ ಕಲಿಸುವ ವಿಧಾನದ ಬೇರೆ ತರಗತಿ, ಕೊನೆಗೆ ಶಾಲೆಯಲ್ಲಿ ಪಾಠ. ವಿಧಾನದ ತರಗತಿಯಲ್ಲಿ ಹಂಗೇರಿಯ ಕೊಡಾಯ್, ಜರ್ಮನಿಯ ಆರ್ಫ್, ಸ್ವಿಟ್ಜರ್ಲೆಂಡಿನ ಡಾಲ್ಕ್ರೋಜ್ ಹೆಸರು ಬರುತ್ತವೆ. ಕೊಡಾಯ್ (1882–1967) ಹೇಳಿದ್ದರ ತಿರುಳು ನಮಗೂ ಒಗ್ಗುತ್ತದೆ: ಮಗು ಮೊದಲು ತನ್ನ ಊರಿನ ಜನಪದ ಹಾಡು ಹಾಡಲಿ, ಅರ್ಧ ಸ್ವರದ ಅಂತರ ಇಲ್ಲದ ಐದು ಸ್ವರದ ಹಾಡಿನಿಂದ ಶುರು ಮಾಡಲಿ, ಬರೆಯೋದು ಓದೋದು ಆಮೇಲೆ. ಐದು ಸ್ವರ ಅಂದ್ರೆ ನಮ್ಮ ಮೋಹನ ರಾಗ. ಹಿಂದೂಸ್ತಾನಿಯವರ ಭೂಪ್. ನಮ್ಮ ಪಾಠ ಮಾಯಾಮಾಳವಗೌಳ ರಾಗದ ಸರಳಿ ವರಸೆಯಿಂದ (ಮೊದಲ ಸ್ವರಾಭ್ಯಾಸ) ಶುರುವಾಗುತ್ತದೆ, ಅದು ಪುರಂದರದಾಸರು ಹಾಕಿಕೊಟ್ಟ ದಾರಿ. ಗುರುಗಳ ಎದುರು ಕೂತ ಒಬ್ಬ ಶಿಷ್ಯನಿಗೆ ಅದು ಸರಿಯೇ. ಒಂದನೇ ತರಗತಿಯ ನಲವತ್ತು ಮಕ್ಕಳಿಗೆ ಷಡ್ಜದ (ಸ) ಪಕ್ಕಕ್ಕೇ ಅಂಟಿಕೊಂಡ ಆ ರಿಷಭ (ರಿ) ಸಿಗಲ್ಲ, ಅರ್ಧ ಮಕ್ಕಳು ಷಡ್ಜದಲ್ಲೇ ಉಳಿಯುತ್ತಾರೆ. ಮೋಹನದಲ್ಲಿ ಸ್ವರ ಸ್ವರಕ್ಕೂ ಜಾಗ ಇದೆ, ಮಕ್ಕಳು ದಾರಿ ತಪ್ಪೋದು ಕಡಿಮೆ. ಹೀಗಂದಿದ್ದಕ್ಕೆ ಕೆಲವು ವಿದ್ವಾಂಸರು ನನ್ನ ಮೇಲೆ ಸಿಟ್ಟಾಗಿದ್ದಾರೆ, ಆಗಲಿ.

ತಂಗಿ ತಾನೇ ಕಲಿಯಬೇಕಾದ್ದರಲ್ಲಿ ಮೊದಲನೆಯದು ಶ್ರುತಿ, ಅಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ಷಡ್ಜದ ಎತ್ತರ. ನಮ್ಮ ಹೆಣ್ಣುಮಕ್ಕಳು ಹಾಡುವುದು ಸಾಮಾನ್ಯವಾಗಿ ಐದು ಮನೆ, ಐದೂವರೆ ಮನೆಯಲ್ಲಿ (ಮನೆ ಅಂದರೆ ಪೇಟಿಯ, ಅಂದರೆ ಹಾರ್ಮೋನಿಯಂನ ಕೀ). ಪೇಟಿಯ ನಡುವಿನ ಒಂದು ಮನೆ, ಅಂದರೆ ಸಿ, ಇದೆಯಲ್ಲ, ಇವರ ಷಡ್ಜ ಅದಕ್ಕಿಂತ ಕೆಳಗೆ ಕೂತಿರುತ್ತದೆ. ಆರೇಳು ವರ್ಷದ ಮಕ್ಕಳ ಗಂಟಲು ಆರಾಮಾಗಿ ತೆರೆಯೋದೇ ಆ ನಡುವಿನ ಒಂದು ಮನೆಯಿಂದ ಮೇಲಕ್ಕೆ, ಐದಾರು ಸ್ವರ. ನಾಲ್ಕು, ಐದನೇ ತರಗತಿಗೆ ಬರೋ ಹೊತ್ತಿಗೆ ಒಂದು ಸ್ಥಾಯಿ (ಕೆಳಗಿನ ಷಡ್ಜದಿಂದ ಮೇಲಿನ ಷಡ್ಜದವರೆಗೆ) ಪೂರ್ತಿ ಸಿಗುತ್ತದೆ. ಟೀಚರ್ ತನಗೆ ಹಿತವಾದ ಶ್ರುತಿ ಹಿಡಿದರೆ ಮಕ್ಕಳು ಹಾಡಲ್ಲ, ಗೊಣಗುತ್ತಾರೆ. ಆಗ ‘ಈ ಹುಡುಗನಿಗೆ ಸ್ವರಜ್ಞಾನವೇ ಇಲ್ಲ’ ಅಂತ ತೀರ್ಪು. ಅವನ ಗಂಟಲು ಇರೋ ಕಡೆ ಹಾಡೇ ಇರಲಿಲ್ಲ, ಪಾಪ ಅವನೇನು ಮಾಡಬೇಕು?

ಇದನ್ನು ಯಾವ ಶಾಲೆಯ ಪ್ರಾರ್ಥನೆಯಲ್ಲಾದರೂ ನೋಡಬಹುದು. ರಾಷ್ಟ್ರಗೀತೆ 52 ಸೆಕೆಂಡು. ಅದರ ಹರವು ಒಂದು ಸ್ಥಾಯಿಗಿಂತ ಚೂರು ಜಾಸ್ತಿ. ಎತ್ತಿಕೊಳ್ಳುವಾಗ ಕೆಳಗಿನ ಷಡ್ಜ, ‘ಜಯ ಹೇ’ ಬಂದಾಗ ಮೇಲಿನ ಷಡ್ಜ. ಮುಂದೆ ನಿಂತ ಏಳನೇ ತರಗತಿ ಹುಡುಗಿ ಸುಮ್ನೆ ಬಾಯಿಗೆ ಬಂದ ಎತ್ತರದಲ್ಲಿ ಶುರು ಮಾಡುತ್ತಾಳೆ. ‘ವಿಂಧ್ಯ ಹಿಮಾಚಲ’ದವರೆಗೆ ಏನೂ ಗೊತ್ತಾಗಲ್ಲ. ‘ಜಯ ಹೇ’ಗೆ ಅರ್ಧ ಮಕ್ಕಳು ಕಿರುಚುತ್ತಾರೆ, ಅರ್ಧ ಮಕ್ಕಳು ಕೆಳಗಿನ ಸ್ಥಾಯಿಗೆ ಜಾರುತ್ತಾರೆ, ಮೇಷ್ಟ್ರು ಬಾಯಷ್ಟೇ ಆಡಿಸುತ್ತಾರೆ. ಶುರುವಿಗೆ ಮುಂಚೆ ಪೇಟಿಯಲ್ಲಿ ನಡುವಿನ ಒಂದು ಮನೆಯೋ ಎರಡು ಮನೆಯೋ ಒತ್ತಿ, ಒಂದು ಉಸಿರಿನಷ್ಟು ಹೊತ್ತು ‘ಆ’ ಅನ್ನಿಸಿದರೆ ಸಾಕು. ನಾಡಗೀತೆಗೂ ಅಷ್ಟೇ. ಮೈಸೂರು ಅನಂತಸ್ವಾಮಿ ಅವರ ಧಾಟಿ, 2 ನಿಮಿಷ 30 ಸೆಕೆಂಡು ಅಂತ ಸರ್ಕಾರ ಗೊತ್ತು ಮಾಡಿದೆ. ತಪ್ಪಾದ ಶ್ರುತಿಯಲ್ಲಿ ಎತ್ತಿಕೊಂಡರೆ ಎರಡೂವರೆ ನಿಮಿಷ ಬಹಳ ಉದ್ದ.

ಎರಡನೆಯದು, ಹಾಡು ಕಲಿಸುವ ಕ್ರಮ. ಇಂಟರ್ನ್‌ಶಿಪ್‌ಗೆ ಬಂದವರಲ್ಲಿ ನಾನು ಹೆಚ್ಚಾಗಿ ನೋಡೋದು ಇದು: ಇಡೀ ಹಾಡನ್ನು ಬೋರ್ಡಿನ ಮೇಲೆ ಬರೆಯುತ್ತಾರೆ, ಚಂದದ ಅಕ್ಷರ, ಕೆಳಗೆ ಬಣ್ಣದ ಸೀಮೆಸುಣ್ಣದ ಹೂವು. ಮಕ್ಕಳು ಬೋರ್ಡು ನೋಡಿ ಓದುತ್ತಾರೆ, ಹಾಡೋದಿಲ್ಲ. ಎರಡನೇ ತರಗತಿ ಮಗು ಕಾಗುಣಿತ ಕೂಡಿಸೋದರಲ್ಲೇ ತಾಳ ಹೋಗಿರುತ್ತದೆ. ಟೀಚರ್ ಮಕ್ಕಳ ಜೊತೆಗೇ ಗಟ್ಟಿಯಾಗಿ ಹಾಡುತ್ತಾರೆ, ಹಾಗಾಗಿ ಅವರಿಗೆ ಕೇಳೋದು ಅವರದೇ ದನಿ. ನಾನು ಹೇಳೋದು, ಬೋರ್ಡು ಒರೆಸಿ. ಹಾಡನ್ನು ಪೂರ್ತಿ ಒಮ್ಮೆ ಹಾಡಿ ತೋರಿಸಿ. ಆಮೇಲೆ ಅರ್ಧ ಸಾಲು ಹೇಳಿ, ಸುಮ್ಮನಾಗಿ. ಮಕ್ಕಳು ಹೇಳುವಾಗ ಸಾಲುಗಳ ನಡುವೆ ನಡೆದು ಕಿವಿ ಕೊಡಿ. ಯಾವುದೋ ಮಗು ಒಂದೇ ಸ್ವರದಲ್ಲಿ ನಿಂತಿದ್ದರೆ ತಿದ್ದಬೇಡಿ, ಆ ಸ್ವರಕ್ಕೆ ನೀವೇ ಹೋಗಿ. ಎಲ್ಲರೂ ಅವನ ಸ್ವರದಲ್ಲಿ ಒಮ್ಮೆ ಹಾಡಲಿ, ಅಲ್ಲಿಂದ ಒಂದೊಂದೇ ಮೆಟ್ಟಿಲು ಜೊತೆಗೆ ಹತ್ತಿ. ಎಲ್ಲರ ದನಿ ತನ್ನ ದನಿಗೆ ಕೂಡಿದಾಗ ಆ ಮಗು ತಲೆ ಎತ್ತಿ ಸುತ್ತ ನೋಡುತ್ತದೆ. ಒಂದಾಗೋದು ಅಂದರೇನು ಅಂತ ಅದಕ್ಕೆ ಗೊತ್ತಾಗೋದು ಆವಾಗಲೇ.

ಈ ಅರ್ಧ ಸಾಲಿನ ವಿಧಾನ ಕಲಿಯಲು ವಿದೇಶಕ್ಕೇನೂ ಹೋಗಬೇಕಿಲ್ಲ. ನಿಮ್ಮ ಚಳ್ಳಕೆರೆ ಸೀಮೆಯ ಸೋಬಾನೆಯವರು ಮಾಡೋದು ಅದನ್ನೇ. ಒಬ್ಬರು ಸೊಲ್ಲು ಎತ್ತುತ್ತಾರೆ, ಉಳಿದವರು ಹಿಡಿದುಕೊಳ್ಳುತ್ತಾರೆ, ಹೊಸಬರು ಹಿಂದಿನ ಸಾಲಿನಲ್ಲಿ ಕೂತು ತಾವೇ ಕಲಿಯುತ್ತಾರೆ. ಅಕ್ಷರ ಬಾರದ ಜನಪದ ಹಾಡುಗಾರ್ತಿ ಸಿರಿಯಜ್ಜಿ ಯಲಗಟ್ಟಿ ಗೊಲ್ಲರಹಟ್ಟಿಯಲ್ಲಿ ಸಾವಿರಾರು ಪದ ನೆನಪಿನಲ್ಲಿ ಇಟ್ಟುಕೊಂಡಿದ್ದು ಹೀಗೆ ಕೇಳಿ ಕೇಳಿಯೇ. ತಂಗಿಗೆ ಹೇಳಿ, ಓಣಿಯ ಅಜ್ಜಿಯರ ಹತ್ತಿರ ಒಂದಿಷ್ಟು ಪದ ಕಲಿಯಲಿ. ಐದಾರು ಸ್ವರದೊಳಗೇ ಓಡಾಡುವ, ಒಂದೇ ಪಲ್ಲವಿ ಮತ್ತೆ ಮತ್ತೆ ಬರುವ ಹಾಡುಗಳನ್ನು ಆರಿಸಿ ಬರೆದಿಟ್ಟುಕೊಳ್ಳಲಿ. ಕೋಲಾಟದ ಪದಗಳಂತೂ ತಾಳ ಕಲಿಸಲು ಬಹಳ ಚೆನ್ನ. ಸಿರಿಗೆರೆ, ಸಾಣೇಹಳ್ಳಿ ಮಠಗಳ ಪ್ರಭಾವದಿಂದ ನಮ್ಮ ಶಾಲೆಗಳಲ್ಲಿ ವಚನ ಹಾಡಿಸೋದು ಜಾಸ್ತಿ, ಒಳ್ಳೆಯದೇ. ಆದರೆ ವಚನಕ್ಕೆ ಹಾಡಿನ ಹಾಗೆ ಸಮ ಅಳತೆಯ ಸಾಲಿಲ್ಲ. ಒಂದು ಸಾಲು ಗಿಡ್ಡ, ಮುಂದಿನದು ಉದ್ದ, ಉಸಿರು ಸಾಲದೆ ಮಕ್ಕಳು ಪದ ನುಂಗುತ್ತಾರೆ. ವಚನ ನಾಲ್ಕನೇ ತರಗತಿಯಿಂದ ಮೇಲಿರಲಿ, ಕೆಳಗಿನವರಿಗೆ ಜನಪದ ಹಾಡು ಸಾಕು.

ನನ್ನ ಸಲಹೆ: ತಂಗಿ ಡಿ.ಎಲ್.ಎಡ್. ಸೇರಲಿ, ಸಂಗೀತದ ಗುರುಗಳನ್ನು ಬಿಡದೆ ಸೀನಿಯರ್ ಕಟ್ಟಲಿ, ಮುಂದೆ ವಿದ್ವತ್ ನೋಡೋಣ. ವಾರಕ್ಕೆ ಒಂದು ಪೀರಿಯಡ್ ಬಂದು ಹೋಗುವ ಸಂಗೀತದ ಟೀಚರ್‌ಗಿಂತ ದಿನಾ ತರಗತಿಯಲ್ಲಿ ಇರುವ, ಹಾಡಲು ಬರುವ ಟೀಚರ್ ಮಕ್ಕಳಿಗೆ ಜಾಸ್ತಿ ಸಂಗೀತ ಕೊಡಬಲ್ಲಳು. ಸಣ್ಣ ತರಗತಿಗಳ ನಲಿ-ಕಲಿಯಲ್ಲಂತೂ (ಚಟುವಟಿಕೆಯಿಂದ ಕಲಿಸುವ ಪದ್ಧತಿ) ಹಾಡಿಲ್ಲದೆ ದಿನವೇ ಸಾಗಲ್ಲ. ಕೇಂದ್ರೀಯ ವಿದ್ಯಾಲಯದ ಮೇಲೇ ಕಣ್ಣಿದ್ದರೆ ಮಾತು ಬೇರೆ. ಆಗ ಈಗಲೇ ಸಂಗೀತದ ಪದವಿಗೆ ಸೇರಬೇಕು, ಹಿಂದಿ ಗಟ್ಟಿ ಮಾಡಿಕೊಳ್ಳಬೇಕು. ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ಪೂರ್ತಿ ಓದಿ, ಯಾವ ಡಿಪ್ಲೊಮಾವನ್ನು ಪದವಿಗೆ ಸಮ ಅಂತ ಒಪ್ಪುತ್ತಾರೆ ಅನ್ನೋದು ಅದರಲ್ಲೇ ಇರುತ್ತದೆ.

ಕೀಬೋರ್ಡ್ ಬಗ್ಗೆ: ಬೇಡ, ಪೇಟಿ ತಗೊಳ್ಳಿ. ಹಳ್ಳಿ ಶಾಲೆಯಲ್ಲಿ ಕರೆಂಟು ಯಾವಾಗ ಇರುತ್ತೋ ಯಾವಾಗ ಇಲ್ವೋ. ಒಂದು ಕೈಯಲ್ಲಿ ತಿದಿ ಹಾಕಿ ಇನ್ನೊಂದು ಕೈಯಲ್ಲಿ ಸ್ವರ ಹಿಡಿದು ಮಕ್ಕಳ ಮುಖ ನೋಡುತ್ತಾ ಹಾಡಿಸಬಹುದು. ಚಿಂದೋಡಿ ಮನೆತನದ ಕೆ.ಬಿ.ಆರ್. ನಾಟಕ ಕಂಪನಿ ಇದ್ದ ಊರು ನಮ್ಮದು, ಭಜನಾ ಮಂಡಳಿಗಳೂ ಬಹಳ, ಹಳೇ ಪೇಟಿಗಳು ಸಿಗುತ್ತವೆ. ಕೊಳ್ಳುವ ಮೊದಲು ತಿದಿಯಲ್ಲಿ ಗಾಳಿ ತುಂಬಿಸಿ ಯಾವ ಮನೆಯನ್ನೂ ಒತ್ತದೆ ಬಿಡಿ. ತಾನಾಗಿ ಸ್ವರ ಹೊರಟರೆ ಅಥವಾ ತಿದಿ ಬೇಗ ಕುಗ್ಗಿದರೆ ರಿಪೇರಿ ಇದೆ ಅಂತ ಅರ್ಥ, ಬೆಲೆ ಇಳಿಸಿ ಕೇಳಿ. ಆಮೇಲೆ ಒಂದೊಂದೇ ಮನೆ ಒತ್ತಿ ನೋಡಿ, ನಡುವಿನ ಸಪ್ತಕದ ಕಪ್ಪು ಬಿಳಿ ಎಲ್ಲ ಸರಿ ಇದ್ದರೆ ಸಾಕು. ಕೆಳಗಿನ ಸಪ್ತಕದಲ್ಲಿ ಒಂದೆರಡು ಕೆಟ್ಟಿದ್ದರೆ ಚಿಂತೆಯಿಲ್ಲ, ಮಕ್ಕಳಿಗೆ ಹಾಡಿಸುವಾಗ ಅಲ್ಲಿಗೆ ಕೈ ಹೋಗೋದೇ ಇಲ್ಲ.