ಲೇಥ್ ಫೋಟೋದಲ್ಲಿ ಮೊದಲು ಟೂಲ್ ರೆಸ್ಟ್ ನೋಡಿ

‘ಫೋಟೋ ಕಳಿಸಿದ್ದೇನೆ, ತಪ್ಪು ಎಲ್ಲಿದೆ ಹೇಳಿ’ ಎಂಬ ಪ್ರಶ್ನೆ ಲೇಥ್‌ನಲ್ಲಿ ಮರ ತಿರುಗಿಸಿ ಉಳಿಯಿಂದ ಕಡೆಯುವ ಕಡಸಲು ಕೆಲಸ ಕಲಿಯುವವರಿಂದ ಪದೇ ಪದೇ ಬರುತ್ತಿದೆ. ಫೋಟೋ ತೆರೆದರೆ ಅದರಲ್ಲಿ ಕಡೆಯುವವರ ಮುಖ ಇದೆ, ಹೊಸ ಮಷೀನ್ ಇದೆ, ಹಿಂದಿನ ಗೋಡೆ ಇದೆ. ಉಳಿಯ ಬಾಯಿ ಮರಕ್ಕೆ ತಾಗುವ ಜಾಗವೇ ಇಲ್ಲ. ಅದು ಕಾಣದೆ ತಪ್ಪು ಹೇಳುವುದು ಹೇಗೆ? ಹೆಡ್‌ಸ್ಟಾಕ್ ಯಾವುದು, ಟೇಲ್‌ಸ್ಟಾಕ್ ಯಾವುದು ಎಂದು ಇಲ್ಲಿ ವಿವರಿಸುವುದಿಲ್ಲ. ಮಷೀನ್ ಕೊಂಡವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ಸರ್, ಬೆಂಚ್ ಮೇಲೆ ಇಡುವ ಸಣ್ಣ ಲೇಥ್ ತಗೊಂಡಿದ್ದೇನೆ. ಒಂದು ಜಾಹೀರಾತಿನ ಫೋಟೋ ನೋಡಿ, ಅದರಲ್ಲಿದ್ದ ಹಾಗೇ ಉಳಿ ಹಿಡಿದು 8 ಇಂಚಿನ ಸಾಗವಾನಿ ಬಟ್ಟಲು ಕಡೆಯಲು ಹೋದೆ. ಬೆಲ್ಟ್ ನಿಮಿಷಕ್ಕೆ 1440 ಸುತ್ತಿನ ಪುಲಿ ಮೇಲಿತ್ತು. ಉಳಿ ಮರಕ್ಕೆ ಕಚ್ಚಿಕೊಂಡು, ಮರ ಅದನ್ನು ಹಿಡಿದಿದ್ದ ಚಕ್‌ನಿಂದ ಕಿತ್ತು ಹೋಗಿ ಗೋಡೆಗೆ ಬಡಿಯಿತು. ಪೆಟ್ಟಾಗಲಿಲ್ಲ. ಜಾಹೀರಾತಿನ ಫೋಟೋ, ನನ್ನ ಫೋಟೋ ಎರಡೂ ಕಳಿಸಿದ್ದೇನೆ. ಉಳಿ ಸರಿ ಇಲ್ಲವಾ? ಯಾವ ಕಂಪನಿಯದು ತಗೊಳ್ಳಲಿ? (ಓದುಗರು, ರಾಣೆಬೆನ್ನೂರು)

ಕಂಪನಿಯ ಮಾತು ಬಿಡಿ. ಎರಡೂ ಫೋಟೋ ಪಕ್ಕಪಕ್ಕ ಇಟ್ಟುಕೊಂಡು ನನ್ನ ಜೊತೆ ನೋಡಿ.

ಮೊದಲು ಜಾಹೀರಾತಿನದು. ಮರ ತಿರುಗಿಸುವ ಹೆಡ್‌ಸ್ಟಾಕ್ ಬಲಗಡೆ ಇದೆ. ನಿಮ್ಮ ಮಷೀನ್‌ನಲ್ಲಿ ಅದು ಎಡಗಡೆ, ಅಲ್ವಾ? ಮೋಟಾರಿನ ಮೇಲಿನ ಅಕ್ಷರ ದೊಡ್ಡದು ಮಾಡಿ ನೋಡಿ, ತಿರುವುಮುರುವಾಗಿವೆ. ಗಂಡಸರ ಅಂಗಿಯಲ್ಲಿ ಗುಂಡಿ ಹಾಕಿಕೊಂಡವರ ಬಲಕ್ಕಿರುತ್ತದೆ, ಇಲ್ಲಿ ಎಡಕ್ಕಿದೆ. ಪುಟಕ್ಕೆ ಚೆಂದ ಕಾಣಲಿ ಎಂದು ಯಾರೋ ಫೋಟೋವನ್ನೇ ಮಗುಚಿದ್ದಾರೆ. ನೀವು ಅದನ್ನು ನೋಡಿ ಉಳಿಯ ಹಿಡಿಯನ್ನು ಎಡಗೈಗೆ ಕೊಟ್ಟು, ಉಳಿ ಊರುವ ಟೂಲ್ ರೆಸ್ಟಿನ ಎಡಕ್ಕೆ ನಿಂತಿದ್ದೀರಿ. ಎಡಗೈಯಲ್ಲಿ ಹಿಡಿಯುವುದು ತಪ್ಪಲ್ಲ. ಆದರೆ ನಿಮ್ಮ ಮೈ ನೇರವಾಗಿ ಬಟ್ಟಲಿನ ಅಂಚಿಗೆ ಎದುರಾಗಿದೆ. ಮರ ಕಿತ್ತು ಬಂದರೆ ಹಾರುವ ದಾರಿ ಅದೇ. ಗೋಡೆಗೆ ಬಡಿದದ್ದು ನಿಮ್ಮ ಪುಣ್ಯ.

ಇನ್ನು ಮರವನ್ನು ನೋಡಿ. ಎಳೆ ಎಳೆಯೂ ಸ್ಪಷ್ಟವಾಗಿ ಕಾಣುತ್ತಿದೆ. ಒಳ್ಳೆ ಕ್ಯಾಮೆರಾ ಇದ್ದರೆ ತಿರುಗುವ ಮರವನ್ನೂ ಹೀಗೆ ಹಿಡಿಯಬಹುದು, ನಿಜ. ಹಾಗಿದ್ದರೆ ಗಾಳಿಯಲ್ಲಿ ಚಕ್ಕೆ ಹಾರುತ್ತಿರಬೇಕಿತ್ತು, ಕೈ ಮೇಲೆ ಹೊಟ್ಟು ಕೂತಿರಬೇಕಿತ್ತು. ಒಂದೂ ಇಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಚಕ್‌ನಲ್ಲೇ ಇದೆ. ಚಕ್ ಬಿಗಿ ಮಾಡುವ ಕೀ ಅದರಲ್ಲೇ ಸಿಕ್ಕಿಸಿದೆ. ಆ ಸ್ಥಿತಿಯಲ್ಲಿ ಸ್ವಿಚ್ ಹಾಕಿದ್ದರೆ ಕೀ ಸಿಡಿದು ಯಾರದೋ ಮುಖಕ್ಕೆ ಬರುತ್ತಿತ್ತು. ಅಂದರೆ ಮಷೀನ್ ನಿಂತಿದೆ, ಕಡೆಯಲು ಬಾರದವರೊಬ್ಬರನ್ನು ನಿಲ್ಲಿಸಿ ತೆಗೆದ ಫೋಟೋ ಇದು. ಇಂಥದನ್ನು ಕಲಿಯುವವರ ಮುಂದೆ ಇಡುವುದು ಅಪರಾಧ ಎಂದೇ ನಾನು ಹೇಳುತ್ತೇನೆ.

ಈಗ ಎರಡೂ ಫೋಟೋಗಳ ಟೂಲ್ ರೆಸ್ಟ್ ನೋಡಿ. ಜಾಹೀರಾತಿನಲ್ಲಿ ರೆಸ್ಟಿಗೂ ಮರಕ್ಕೂ ನಾಲ್ಕು ಬೆರಳು ದೂರ. ನಿಮ್ಮದರಲ್ಲೂ ಅಷ್ಟೇ. ಉಳಿ ಕಚ್ಚಲು ಮೊದಲ ಕಾರಣ ಇದು. ಉಳಿಗೆ ರೆಸ್ಟೇ ಆಧಾರ. ರೆಸ್ಟಿನಿಂದ ಆಚೆ ಚಾಚಿದ ಉದ್ದ ಎರಡು ಪಟ್ಟಾದರೆ, ಮರ ಉಳಿಯ ಬಾಯನ್ನು ಕೆಳಗೆ ಒತ್ತಿದಾಗ ನಿಮ್ಮ ಕೈ ತಡೆಯಬೇಕಾದ ಬಲವೂ ಎರಡು ಪಟ್ಟು. ದೂರ ಕಾಲು ಇಂಚು ಇರಲಿ, ಹೆಚ್ಚೆಂದರೆ ಅರ್ಧ. ಮರ ಸಣ್ಣದಾದ ಹಾಗೆ ರೆಸ್ಟನ್ನು ಹತ್ತಿರ ತರಬೇಕು, ಅದೂ ಮಷೀನ್ ಪೂರ್ತಿ ನಿಲ್ಲಿಸಿ. ತಂದ ಮೇಲೆ ಮರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಸ್ವಿಚ್ ಹಾಕಿ.

ನಿಮ್ಮ ಫೋಟೋದಲ್ಲಿ ರೆಸ್ಟಿನ ಮೇಲಂಚನ್ನು ದೊಡ್ಡದು ಮಾಡಿದೆ. ಸಾಲಾಗಿ ಸಣ್ಣ ಸಣ್ಣ ಕಚ್ಚುಗಳಿವೆ. ಉಳಿ ಮೇಲೆದ್ದು ರೆಸ್ಟಿಗೆ ಕುಟ್ಟಿದ ಗುರುತು ಅವು. ಅಂದರೆ ಆ ದಿನಕ್ಕಿಂತ ಮುಂಚೆಯೂ ಉಳಿ ಹಲವು ಸಲ ಎಗರಿದೆ, ನೀವು ಗಮನ ಕೊಟ್ಟಿಲ್ಲ. ಒಂದು ಅರ ತಗೊಂಡು ಆ ಅಂಚನ್ನು ಸಮ ಮಾಡಿ, ಇಲ್ಲದಿದ್ದರೆ ಉಳಿ ಸರಾಗವಾಗಿ ಜಾರುವುದಿಲ್ಲ. ಬಟ್ಟಲಿನ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಒಂದು ಗುಳಿ ಬಿದ್ದಿದೆ, ನೋಡಿ. ಗುಳಿ ಬಿದ್ದಿರುವುದು ಎಳೆಯ ತುದಿ ಎದುರಾಗುವ ಕಡೆಗೆ. ಬಟ್ಟಲಿಗೆ ಮರದ ಎಳೆಯನ್ನು ಅಡ್ಡ ಕೂರಿಸಿರುತ್ತೇವೆ. ಹಾಗಾಗಿ ಪ್ರತಿ ಸುತ್ತಿಗೆ ಎರಡು ಸಲ ಎಳೆಯ ತುದಿ ಉಳಿಗೆ ಎದುರು ಬರುತ್ತದೆ. ಲಟ್ಟಣಿಗೆ ಕಡೆಯುವಾಗ ಈ ತೊಂದರೆ ಇಲ್ಲ.

ನೀವು ಬಳಸಿದ ಉಳಿಯಂತೂ ಬಟ್ಟಲಿಗೆ ಆಗುವುದೇ ಇಲ್ಲ. ಅಗಲವಾದ, ಅರ್ಧ ಕೊಳವೆಯಂಥ ರಫಿಂಗ್ ಗೌಜ್ ಅದು. ಚೌಕ ತುಂಡನ್ನು ಉದ್ದಕ್ಕೆ ದುಂಡು ಮಾಡಲು ಇರುವುದು. ಅದರ ಬಾಲ, ಅಂದರೆ ಹಿಡಿಯೊಳಗೆ ಹೋಗುವ ಭಾಗ, ತೆಳು ಪಟ್ಟಿ. ಬಟ್ಟಲಿಗೆ ಹಾಕಿ ಅದು ಕಚ್ಚಿದರೆ ಬಾಲವೇ ಮುರಿಯಬಹುದು. ಆಗ ನಿಮ್ಮ ಕೈಯಲ್ಲಿ ಬರೀ ಹಿಡಿ ಉಳಿಯುತ್ತದೆ. ಬಟ್ಟಲಿನ ಗೌಜ್ ದುಂಡು ಉಕ್ಕಿನ ಸರಳಿನಲ್ಲೇ ಕೊರೆದದ್ದು, ಅದಕ್ಕೇ ತಡೆಯುತ್ತದೆ.

ಎರಡೂ ಫೋಟೋದಲ್ಲಿ ಹಿಡಿ ನೆಲಕ್ಕೆ ಸಮವಾಗಿದೆ, ಉಳಿಯ ಬಾಯಿ ಮರಕ್ಕೆ ನೇರ ಚುಚ್ಚಿದೆ. ಬೆವೆಲ್, ಅಂದರೆ ಬಾಯಿಯ ಕೆಳಗೆ ಸಾಣೆ ಹಿಡಿದ ಇಳಿಜಾರು, ಗಾಳಿಯಲ್ಲಿದೆ. ಉಳಿ ಮೊದಲು ರೆಸ್ಟ್ ಮೇಲೆ ಕೂರಬೇಕು. ಆಮೇಲೆ ಬೆವೆಲ್ ಮರಕ್ಕೆ ಸವರಬೇಕು, ಆಗ ಏನೂ ಕಡಿಯಬಾರದು. ಕೊನೆಗೆ ಹಿಡಿಯನ್ನು ನಿಧಾನಕ್ಕೆ ಮೇಲೆತ್ತಿದರೆ ಬಾಯಿ ಕಡಿಯಲು ಶುರುಮಾಡುತ್ತದೆ, ಸುರುಳಿ ಸುರುಳಿ ಚಕ್ಕೆ ಬರುತ್ತದೆ. ಚಕ್ಕೆಯ ಬದಲು ಬರೀ ಪುಡಿ ಬಂದರೆ ನೀವು ಕಡೆಯುತ್ತಿಲ್ಲ, ಕೆರೆಯುತ್ತಿದ್ದೀರಿ. ನಿಮ್ಮ ಫೋಟೋದಲ್ಲಿ ಬೆಂಚ್ ತುಂಬ ಪುಡಿಯೇ ಇದೆ.

ವೇಗದ್ದು ಫೋಟೋದಲ್ಲಿ ಕಾಣುವುದಿಲ್ಲ, ನೀವು ಬರೆದಿದ್ದಕ್ಕೆ ಗೊತ್ತಾಯಿತು. ವ್ಯಾಸದ ಇಂಚನ್ನು ನಿಮಿಷದ ಸುತ್ತುಗಳಿಂದ ಗುಣಿಸಿದರೆ 6000ದಿಂದ 9000ದ ಒಳಗೆ ಬರಬೇಕು. 8 ಇಂಚಿಗೆ 750ರಿಂದ 1125 ಸುತ್ತು. ಮರ ಇನ್ನೂ ದುಂಡಾಗದಿದ್ದರೆ ಅದಕ್ಕಿಂತಲೂ ಕಡಿಮೆ. 1440 ಸುತ್ತಿನಲ್ಲಿ ನಿಮ್ಮ ಬಟ್ಟಲಿನ ಅಂಚು ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ ಓಡುತ್ತಿತ್ತು. ಮುಖಕ್ಕೆ ಬರೀ ಕನ್ನಡಕ ಹಾಕಿದ್ದೀರಿ. ಬಟ್ಟಲು ಕಡೆಯುವಾಗ ಪೂರ್ತಿ ಮುಖ ಮುಚ್ಚುವ ಶೀಲ್ಡ್ ಇಲ್ಲದೆ ಸ್ವಿಚ್ ಮುಟ್ಟಬೇಡಿ.

ನಿಮ್ಮ ಪತ್ರದ ಕೊನೆಗೆ ‘ಎಂದೂ ಕಚ್ಚದ ಉಳಿ’ ಎಂದು ಮಾರುವವರ ಬಗ್ಗೆ ಕೇಳಿದ್ದೀರಿ. ಅಂಥ ಉಳಿ ಇಲ್ಲ. ಕಾರ್ಬೈಡ್ ತುದಿಯ ಉಳಿ ಹಿಡಿಯುವುದು ಸುಲಭ, ಆದರೆ ರೆಸ್ಟ್ ದೂರ ಇದ್ದರೆ ಅದೂ ಕಚ್ಚುತ್ತದೆ. ಎಂದೂ ಕಚ್ಚದು ಎಂದು ಹೇಳಿ ದುಡ್ಡು ಕೀಳುವವರು ಮೋಸಗಾರರು. ನನ್ನನ್ನು ಕೇಳಿದರೆ ಹೊಸಬರು ಮೊದಲ ಆರು ತಿಂಗಳು ಬಟ್ಟಲಿಗೆ ಕೈ ಹಾಕಲೇಬಾರದು. ಲಟ್ಟಣಿಗೆ, ಕಡಗೋಲು, ಮಂಚದ ಕಾಲು ಮಾಡಿ. ಎರಡೂ ತುದಿಯಲ್ಲಿ ಮರ ಬಿಗಿಯಾಗಿರುತ್ತದೆ, ಕೈ ಪಳಗುತ್ತದೆ. ಇದು ಅತಿ ಎಚ್ಚರಿಕೆ ಎನ್ನುವವರಿದ್ದಾರೆ. ಅನ್ನಲಿ.

ಪ್ರಶ್ನೆ: ವಿಡಿಯೋದಲ್ಲಿ ನನ್ನ ಚೌಕ ತುಂಡು ನಿಧಾನಕ್ಕೆ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದೆ. ಮೋಟಾರ್ ಉಲ್ಟಾ ಜೋಡಿಸಿದ್ದೇನಾ? (ಓದುಗರು, ಧಾರವಾಡ)

ವಿಡಿಯೋ ನೋಡಿ ದಿಕ್ಕು ಹೇಳಬೇಡಿ. ಸ್ವಿಚ್ ಆರಿಸಿ, ಮರ ನಿಧಾನವಾಗುವಾಗ ಕಣ್ಣಿನಿಂದ ನೋಡಿ. ಮೇಲ್ಭಾಗ ನಿಮ್ಮ ಕಡೆಗೆ ಬಂದು ಕೆಳಗಿಳಿಯುತ್ತಿದ್ದರೆ ಸರಿ ಇದೆ. ನನಗೆ ಚಿಂತೆ ಇರುವುದು ನಿಮ್ಮ ಹಳೆ ಚೋಕ್ ಟ್ಯೂಬ್‌ಲೈಟಿನದು. ನಮ್ಮ ಕರೆಂಟ್ 50 ಹರ್ಟ್ಸ್, ಆ ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಿಮಿಷಕ್ಕೆ 1500 ಸುತ್ತು ಎಂದರೆ ಸೆಕೆಂಡಿಗೆ 25. ಚೌಕ ತುಂಡಿಗೆ ನಾಲ್ಕು ಮೂಲೆ, ಲೆಕ್ಕ ಸರಿಯಾಗಿ 100ಕ್ಕೆ ಕೂಡುತ್ತದೆ. ಆಗ ಬರಿಗಣ್ಣಿಗೂ ಮರ ನಿಂತ ಹಾಗೇ ಕಾಣಬಹುದು. 1440ರಲ್ಲಿ ಮೆಲ್ಲಗೆ ಹಿಂದಕ್ಕೆ ಹೋದಂತೆ ಕಾಣುತ್ತದೆ. ನಿಂತಿದೆ ಎಂದು ಕೈ ಇಟ್ಟವರ ಗತಿ ಏನು? ಇವತ್ತೇ ಲೇಥ್ ಹತ್ತಿರ ಒಂದು ಹಳೆ ಕಾಲದ ತಂತಿ ಬಲ್ಬ್ ಹಾಕಿಸಿ, ಅಥವಾ ಮಿನುಗದ ಒಳ್ಳೆ ಎಲ್‌ಇಡಿ.

ಪ್ರಶ್ನೆ: ಕೈಗವಸು ಹಾಕಿಕೊಂಡು ಕಡೆಯುವ ಫೋಟೋ ನೋಡಿದೆ. ಸುರಕ್ಷಿತ ಅಲ್ವಾ? (ಓದುಗರು, ಹುಬ್ಬಳ್ಳಿ)

ಅಲ್ಲ. ಕೈಗವಸು, ಉಂಗುರ, ಮುಂಗೈ ದಾರ, ಹೆಗಲ ಮೇಲಿನ ಟವೆಲ್, ಯಾವುದೂ ಬೇಡ.

ಪ್ರಶ್ನೆ: ಹಳೆ ಫೋಟೋ ಒಂದರಲ್ಲಿ ನೆಲದ ಮೇಲೆ ಕೂತು, ಕಾಲಿನಿಂದ ಉಳಿ ಹಿಡಿದು ಕಡೆಯುತ್ತಿದ್ದಾರೆ. ಇದು ತಪ್ಪಲ್ಲವಾ? (ಓದುಗರು, ಕಲಘಟಗಿ)

ತಪ್ಪೇನೂ ಇಲ್ಲ. ಅದು ಬಿಲ್ಲಿನ ಲೇಥ್. ಒಂದು ಕೈ ಬಿಲ್ಲು ಎಳೆಯುತ್ತದೆ, ಮರ ಹಿಂದಕ್ಕೂ ಮುಂದಕ್ಕೂ ತಿರುಗುತ್ತದೆ. ತನ್ನ ಕಡೆಗೆ ತಿರುಗುವಾಗ ಮಾತ್ರ ಕಡೆಯುವುದು. ಉಳಿಯನ್ನು ಇನ್ನೊಂದು ಕೈ ಮತ್ತು ಕಾಲ್ಬೆರಳು ಸೇರಿ ಹಿಡಿಯುತ್ತವೆ. ಆ ಕಾಲ್ಬೆರಳು ಎಷ್ಟು ಹತ್ತಿರ ಇದೆ ನೋಡಿ. ತೊಟ್ಟಿಲಿಗೆ ಹೆಸರಾದ ಊರಿನವರು ನೀವು. ಇಂಥ ಫೋಟೋ ಮನೆಯಲ್ಲಿದ್ದರೆ ಜೋಪಾನ ಮಾಡಿ. ಇದನ್ನು ಕರೆಂಟಿನ ಮಷೀನ್ ಮೇಲೆ ಮಾತ್ರ ಪ್ರಯತ್ನಿಸಬೇಡಿ.

ಪ್ರಶ್ನೆ: ಹಸಿ ಬೇವಿನ ಬಟ್ಟಲು ವಾರದಲ್ಲೇ ಸೀಳಿತು. ಸೀಳು ತಡೆಯುವ ಎಣ್ಣೆ ಮಾರುತ್ತಾರಂತೆ, ತರಿಸಲಾ? (ಓದುಗರು, ಗದಗ)

ತರಿಸಬೇಡಿ. ಫೋಟೋದಲ್ಲಿ ಸೀಳು ಹೊರಟಿರುವುದು ತಿರುಳಿನಿಂದ, ಅಂದರೆ ಕಾಂಡದ ನಟ್ಟನಡುವಿನಿಂದ. ಮರ ಒಣಗುವಾಗ ಉಂಗುರದ ಗುಂಟ ಕುಗ್ಗುವುದು, ನಡುವಿನಿಂದ ಹೊರಗೆ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ತಿರುಳು ಒಳಗಿದ್ದರೆ ಸೀಳದೆ ಬೇರೆ ದಾರಿ ಇಲ್ಲ. ನಿಮ್ಮ ಊರಿನ ಒಣ ಗಾಳಿಯಲ್ಲಿ ಇನ್ನೂ ಬೇಗ. ತಿರುಳು ಕತ್ತರಿಸಿ ತೆಗೆಯಿರಿ. ಮೊದಲು ವ್ಯಾಸದ ಹತ್ತನೇ ಒಂದು ಭಾಗ ದಪ್ಪ ಬಿಟ್ಟು ಒರಟಾಗಿ ಕಡೆಯಿರಿ, ಎಳೆಯ ತುದಿಗಳಿಗೆ ಮೇಣ ಹಚ್ಚಿ ನೆರಳಲ್ಲಿ ಒಣಗಿಸಿ, ಆಮೇಲೆ ತೆಳು ಮಾಡಿ.

ಪ್ರಶ್ನೆ: ಪಾಲಿಶ್ ಮಾಡುವ ಫೋಟೋ ಕಳಿಸಿದ್ದೇನೆ. 80 ನಂಬರಿನ ಸ್ಯಾಂಡ್ ಪೇಪರ್ ಆದ ಮೇಲೆ 320 ಹಾಕಿದ್ದೆ. ಹೊಳಪು ಯಾಕೆ ಸಾಲುತ್ತಿಲ್ಲ? (ಓದುಗರು, ಹಾವೇರಿ)

ಹೊಳಪಿನ ಮಾತು ಆಮೇಲೆ. ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡಿದ್ದೀರಿ. ಬಟ್ಟೆಯ ತುದಿ ಮರಕ್ಕೆ ಸುತ್ತಿಕೊಂಡರೆ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ, ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ತಟ್ಟನೆ ಹರಿಯುವ ಟಿಶ್ಯೂ ಪೇಪರ್ ಬಳಸಿ, ಸುತ್ತದೆ ಹಿಡಿಯಿರಿ. ಫೋಟೋದಲ್ಲಿ ಟೂಲ್ ರೆಸ್ಟ್ ಇನ್ನೂ ಮರದ ಹತ್ತಿರವೇ ಇದೆ. ಪಾಲಿಶ್ ಮತ್ತು ಸ್ಯಾಂಡ್ ಪೇಪರ್ ಕೆಲಸಕ್ಕೆ ಅದನ್ನು ಬಿಚ್ಚಿ ಪಕ್ಕಕ್ಕಿಡಿ, ನಡುವೆ ಸಿಕ್ಕ ಬೆರಳು ಮುರಿಯುತ್ತದೆ. ಹೊಳಪು ಸಾಲದಿರುವುದು 80 ನಂಬರಿನ ಪೇಪರಿನಿಂದ ನೇರ 320ಕ್ಕೆ ಹಾರಿದ್ದಕ್ಕೆ. ನಡುವೆ 120, 180, 240 ಹಾಕಿ. ಪ್ರತಿ ನಂಬರ್ ಮುಗಿದ ಮೇಲೆ ಮಷೀನ್ ನಿಲ್ಲಿಸಿ, ಎಳೆಯ ಗುಂಟ ಕೈಯಿಂದ ಉಜ್ಜಿ, ಹಿಂದಿನ ಗೆರೆಗಳು ಹೋಗಿವೆಯಾ ಎಂದು ಬೆಳಕಿಗೆ ಓರೆ ಹಿಡಿದು ನೋಡಿ.