ದಿನವಿಡೀ ಕೆಲಸ, ಮುಖ್ಯವಾದದ್ದೇ ಬಾಕಿ

ಬೆಳಗ್ಗಿನಿಂದ ಬಿಡುವಿಲ್ಲ, ಆದರೂ ಪ್ರಬಂಧ ಮಾತ್ರ ಒಂದು ಸಾಲೂ ಮುಂದೆ ಹೋಗಿಲ್ಲ, ನಾಲ್ಕಕ್ಕೇ ಏಳಬೇಕಾ ಅಂತ ಕೇಳಿದ್ದೀರಿ. ಬೇಡ, ನಿದ್ದೆಗೆ ಕೈ ಹಾಕಬೇಡಿ. ನೀವು ಹಾಕಿರುವ ಪಟ್ಟಿಯಲ್ಲಿ ಹನ್ನೊಂದು ಕೆಲಸ ಇವೆ, ಪ್ರಬಂಧ ಕಟ್ಟಕಡೆಗೆ! ಅದನ್ನು ಮೊದಲಿಗೆ ತನ್ನಿ. ಮೇಲ್, ಮೆಸೇಜು ತೆರೆಯುವ ಮುಂಚೆಯೇ ಒಂದು ಗಂಟೆ ಕೂತುಬಿಡಿ.

ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ. ಸಂಶೋಧಕಿ ಸೋಫಿ ಲೆರಾಯ್ 2009ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ‘ಸುಮ್ನೆ ಒಂದು ನಿಮಿಷ ನೋಡ್ತೀನಿ’ ಅನ್ನೋದು ಒಂದು ನಿಮಿಷಕ್ಕೆ ಮುಗಿಯಲ್ಲ, ಅಲ್ವಾ?

ನಾನು ಫೋನನ್ನು ಪಕ್ಕದ ಕೋಣೆಯಲ್ಲಿ ಇಡುತ್ತೇನೆ. ಮೊದಲ ವಾರ ಕೈ ತಾನಾಗೇ ಜೇಬು ತಡಕುತ್ತಿತ್ತು. ನಡುವೆ ಬಿಲ್ಲು ಕಟ್ಟೋದು ನೆನಪಾದರೆ ಚೀಟಿಯಲ್ಲಿ ಗೀಚಿ ಪಕ್ಕಕ್ಕಿಡಿ. ಇನ್ನು ನಿಮ್ಮ ಪಟ್ಟಿಯಲ್ಲಿರುವ ಆ ಮೂರು ಮೆಸೇಜು ಗ್ರೂಪ್‌ಗಳ ಉಸ್ತುವಾರಿ, ಅದನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ ಬಿಡಿ.